ಬಿರುಕಿಗೆ ಕೈ ಹಾಕುವ ಮೊದಲು ಮರದ ತೇವ ನೋಡಿ

(ಪಿಯಾನೋ ಟ್ಯೂನರ್‌ಗಳು ಮತ್ತು ಮರಗೆಲಸದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಿಯಾನೋದ ಸೌಂಡ್‌ಬೋರ್ಡ್‌ನಲ್ಲಿ ಬಿರುಕು ಕಂಡ ಕೂಡಲೇ ನಮ್ಮ ಕೈ ಅಂಟಿನ ಡಬ್ಬಿ ಕಡೆ ಹೋಗುತ್ತದೆ. ಯಾವ ಅಂಟು, ಎಷ್ಟು ಅಗಲದ ಪಟ್ಟಿ, ಹೇಗೆ ಕೂರಿಸೋದು, ಇದೇ ಮಾತು. ಇವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಮರದಲ್ಲಿ ಈಗ ಎಷ್ಟು ತೇವ ಇದೆ? ಅದು ಗೊತ್ತಿಲ್ಲದೆ ಬಿರುಕಿನ ಅಗಲಕ್ಕೆ ಅರ್ಥವೇ ಇಲ್ಲ. ಇವತ್ತು ಒಂದು ಮಿಲಿಮೀಟರ್ ಬಾಯಿ ಬಿಟ್ಟ ಬಿರುಕು, ಗಾಳಿಯಲ್ಲಿ ತೇವ ಏರಿದ ಮೇಲೆ ಕಣ್ಣಿಗೆ ಕಾಣದ ಹಾಗೆ ಮುಚ್ಚಿಕೊಳ್ಳಬಹುದು. ಹಾಗಾದರೆ ನಾವು ರಿಪೇರಿ ಮಾಡುತ್ತಿರುವುದು ಯಾವ ಬಿರುಕನ್ನು?

ಪಿಯಾನೋದ ಒಳಗೆ ಇಣುಕಿ ನೋಡದವರಿಗಾಗಿ ಎರಡು ಮಾತು. ಸೌಂಡ್‌ಬೋರ್ಡ್ ಅಂದರೆ ತಂತಿಗಳ ಕೆಳಗಿರುವ ದೊಡ್ಡ, ತೆಳು ಹಲಗೆ. ಇದು ಅಡ್ಡ ಮಲಗಿದ ಗ್ರಾಂಡ್ ಪಿಯಾನೋದ ಮಾತು; ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೋದಲ್ಲಿ ಅದು ಹಿಂಬದಿಯಲ್ಲಿರುತ್ತದೆ. ಬರೀ ತಂತಿಯ ಸದ್ದು ಬಹಳ ಸಣ್ಣದು. ಅದರ ಕಂಪನ ಬ್ರಿಡ್ಜ್ ಮೂಲಕ, ಅಂದರೆ ತಂತಿಗಳು ಒರಗಿ ಹಾದುಹೋಗುವ ಗಟ್ಟಿ ಮರದ ಪಟ್ಟಿಯ ಮೂಲಕ, ಹಲಗೆಗೆ ಇಳಿದು, ಹಲಗೆ ಗಾಳಿಯನ್ನು ಅಲುಗಿಸಿದಾಗಲೇ ನಮಗೆ ಪಿಯಾನೋ ಕೇಳಿಸುವುದು. ಮರ ಸಾಮಾನ್ಯವಾಗಿ ಸ್ಪ್ರೂಸ್. ದಪ್ಪ ಸುಮಾರು 8ರಿಂದ 10 ಮಿಲಿಮೀಟರ್, ಅಂಚಿನ ಕಡೆ ಇನ್ನೂ ತೆಳು. ಕಿರಿದಾದ ಹಲಗೆಗಳನ್ನು ಪಕ್ಕಪಕ್ಕ ಅಂಟಿಸಿ ಇದನ್ನು ಮಾಡುತ್ತಾರೆ. ಹಿಂಬದಿಗೆ, ಮರದ ಎಳೆಗೆ ಅಡ್ಡವಾಗಿ, ರಿಬ್ ಎನ್ನುವ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಇಡೀ ಹಲಗೆ ತಂತಿಗಳ ಕಡೆಗೆ ತುಸುವೇ ಉಬ್ಬಿರುತ್ತದೆ. ಆ ಕಮಾನಿಗೆ ಕ್ರೌನ್ ಅನ್ನುತ್ತೇವೆ. ತಂತಿಗಳೆಲ್ಲ ಸೇರಿ ಎಳೆಯುವ ಬಲ ಸುಮಾರು 18ರಿಂದ 20 ಟನ್. ಅದರಲ್ಲಿ ಒಂದು ಸಣ್ಣ ಪಾಲು ಬ್ರಿಡ್ಜ್ ಮೂಲಕ ಹಲಗೆಯನ್ನು ಒತ್ತುತ್ತಿರುತ್ತದೆ. ಆ ಒತ್ತಡಕ್ಕೆ ಎದೆಕೊಟ್ಟು ನಿಲ್ಲುವುದು ಈ ಕಮಾನು.

ಇನ್ನು ತೇವದ ವಿಷಯ. 8% ತೇವ ಅಂದರೆ ನೂರು ಗ್ರಾಂ ಮರದಲ್ಲಿ ಎಂಟು ಗ್ರಾಂ ನೀರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಲೆಕ್ಕ ಹಾಕುವುದು ಪೂರ್ತಿ ಒಣಗಿದ ಮರದ ತೂಕದ ಮೇಲೆ. ಒಂದು ತುಂಡು ಈಗ 21.6 ಗ್ರಾಂ ತೂಗುತ್ತದೆ ಅಂತಿಟ್ಟುಕೊಳ್ಳಿ. ಅದನ್ನು ಓವನ್‌ನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿದಿರಿ. 20 ಗ್ರಾಂ ಆಯಿತು. ಹೋದ ನೀರು 1.6 ಗ್ರಾಂ. ಅದನ್ನು 20ರಿಂದ ಭಾಗಿಸಿದರೆ 8%. ಮೀಟರ್‌ಗಳು ತೋರಿಸುವ ಅಂಕಿಗೆಲ್ಲ ಮೂಲ ಅಳತೆ ಇದೇ.

ಮರ ಸುತ್ತಲಿನ ಗಾಳಿಯ ಜೊತೆ ಸದಾ ತೇವದ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿ ಒಂದೇ ಸಮ ಇದ್ದರೆ ಮರವೂ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. 20 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಹ್ಯುಮಿಡಿಟಿ (ಆ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಈಗ ಇರುವ ಪಾಲು) 30% ಇದ್ದರೆ ಮರದ ತೇವ 6%ಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. 42%ಗೆ ಸುಮಾರು 8%, 50%ಗೆ 9%ಗಿಂತ ಸ್ವಲ್ಪ ಜಾಸ್ತಿ, 65%ಗೆ 12%, 80%ಗೆ 16%. ಈ ಅಂಕಿಗಳನ್ನು ಕೆಲಸದ ಮೇಜಿನ ಮೇಲೆ ಬರೆದು ಅಂಟಿಸಿಕೊಳ್ಳಿ. ದಿನಾ ಬೇಕಾಗುತ್ತವೆ.

ಚಳಿ ದೇಶದ ಮನೆಗಳಲ್ಲಿ ಪಿಯಾನೋಗಳು ಯಾಕಷ್ಟು ಒಣಗುತ್ತವೆ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಹೊರಗೆ ಸೊನ್ನೆ ಡಿಗ್ರಿ, ಹ್ಯುಮಿಡಿಟಿ 80%. ಅದೇ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದರ ಹ್ಯುಮಿಡಿಟಿ ಸುಮಾರು 21%ಗೆ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ. ಬಿಸಿ ಗಾಳಿಗೆ ನೀರು ಹಿಡಿಯುವ ಶಕ್ತಿ ಹೆಚ್ಚಿತು, ಅಷ್ಟೇ. ಅಂಥ ಕೋಣೆಯಲ್ಲಿ ಸೌಂಡ್‌ಬೋರ್ಡ್ 5%ಗಿಂತ ಕೆಳಗೆ ಹೋಗಬಹುದು.

ತೇವ ಏರಿದರೆ ಮರ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಜಾಸ್ತಿ. ಅಮೆರಿಕದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇಂಥ ಅಳತೆಗಳನ್ನು ಮರದಿಂದ ಮರಕ್ಕೆ ಪಟ್ಟಿ ಮಾಡಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ವಿಮಾನಗಳಿಗೆ ಸ್ಪ್ರೂಸ್ ಬೇಕಾಗಿತ್ತು. ಅದನ್ನು ಕೆಡದಂತೆ ಒಣಗಿಸುವುದು ಹೇಗೆ ಅಂತ ಅಲ್ಲಿ ತುಂಬ ಕೆಲಸ ನಡೆಯಿತು. ವಿಮಾನಕ್ಕೂ ಪಿಯಾನೋಗೂ ಬೇಕಾದ ಗುಣ ಒಂದೇ: ಹಗುರ ಇರಬೇಕು, ಬಿಗಿಯೂ ಇರಬೇಕು. ಆ ಪಟ್ಟಿಯ ಪ್ರಕಾರ, ಸಿಟ್ಕಾ ಸ್ಪ್ರೂಸ್ ಹಲಗೆಯನ್ನು ಸೌಂಡ್‌ಬೋರ್ಡ್‌ಗೆ ಕೊಯ್ಯುವ ರೀತಿಯಲ್ಲಿ, ಅಂದರೆ ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದರೆ, ಪ್ರತಿ 1% ತೇವಕ್ಕೆ ಅಗಲ 0.148% ಬದಲಾಗುತ್ತದೆ. ಮೀಟರ್ ಅಗಲದ ಹಲಗೆಗೆ ಇದು ಸುಮಾರು ಒಂದೂವರೆ ಮಿಲಿಮೀಟರ್. ತೇವ 5%ರಿಂದ 10%ಗೆ ಹೋದರೆ ಏಳು ಮಿಲಿಮೀಟರ್ ದಾಟುತ್ತದೆ.

ಆದರೆ ಹಲಗೆಗೆ ಅಷ್ಟು ಹಿಗ್ಗಲು ಬಿಡುವವರು ಯಾರು? ಹಿಂದೆ ರಿಬ್‌ಗಳಿವೆ. ಅವುಗಳ ಎಳೆ ಹಲಗೆಗೆ ಅಡ್ಡ, ಹಾಗಾಗಿ ಉದ್ದದಲ್ಲಿ ಅವು ಬದಲಾಗುವುದೇ ಇಲ್ಲ. ಸುತ್ತ ಅಂಚಿನಲ್ಲಿ ಹಲಗೆಯನ್ನು ರಿಮ್‌ಗೆ, ಅಂದರೆ ಪಿಯಾನೋದ ಮರದ ಚೌಕಟ್ಟಿಗೆ, ಅಂಟಿಸಿದೆ. ಹಲಗೆ ಹಿಗ್ಗಬೇಕು ಅನ್ನುತ್ತದೆ, ರಿಬ್ ಬಿಡುವುದಿಲ್ಲ. ಆಗ ಎರಡೂ ಸೇರಿ ಬಾಗುತ್ತವೆ. ಕೆಲವು ತಯಾರಕರು ಕ್ರೌನ್ ಮಾಡುವುದೇ ಹೀಗೆ. ಹಲಗೆಯನ್ನು 4ರಿಂದ 5%ವರೆಗೆ ಚೆನ್ನಾಗಿ ಒಣಗಿಸುತ್ತಾರೆ, ನೇರ ರಿಬ್‌ಗಳನ್ನು ಅಂಟಿಸುತ್ತಾರೆ, ಆಮೇಲೆ ಕೋಣೆಯ ಗಾಳಿಗೆ ಬಿಡುತ್ತಾರೆ. ಹಲಗೆ ತೇವ ಕುಡಿದು ಹಿಗ್ಗಲು ಹೋಗಿ ಕಮಾನಾಗುತ್ತದೆ. ಇನ್ನು ಕೆಲವರು ರಿಬ್‌ಗಳನ್ನೇ ಬಾಗಿದ ಆಕಾರಕ್ಕೆ ಕೊಯ್ದು, ಹಲಗೆಯನ್ನು ಅಷ್ಟೊಂದು ಒಣಗಿಸದೆ ಅಂಟಿಸುತ್ತಾರೆ. ಮೊದಲ ಬಗೆಯಲ್ಲಿ ಹಲಗೆ ಸದಾ ಒತ್ತಡದಲ್ಲೇ ಬದುಕುತ್ತದೆ. ನಿಮ್ಮ ಮುಂದಿರುವ ಪಿಯಾನೋ ಯಾವ ಬಗೆಯದು ಅಂತ ಗೊತ್ತಿದ್ದರೆ ಒಳ್ಳೆಯದು.

ನಾನು ಇಲ್ಲಿ ಮಾತಾಡಲು ಒಪ್ಪಿಕೊಂಡದ್ದೇ ಮುಂದಿನ ವಿಷಯ ಹೇಳುವುದಕ್ಕಾಗಿ. ಬಿರುಕು ಕಾಣುವುದು ಒಣ ಕಾಲದಲ್ಲಿ. ಹಾಗಾಗಿ ಒಣಗಿದ್ದರಿಂದಲೇ ಮರ ಸೀಳಿತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಬಹಳಷ್ಟು ಬಿರುಕುಗಳು ಶುರುವಾಗುವುದು ಅದಕ್ಕೂ ಮುಂಚೆ, ತೇವದ ಕಾಲದಲ್ಲಿ.

ಸುತ್ತಿಗೆಯ ಹಿಡಿ ಸಡಿಲವಾದರೆ ನೀರಲ್ಲಿ ನೆನೆಸಿಡುವುದನ್ನು ನೀವು ನೋಡಿರುತ್ತೀರಿ. ಮರ ಉಬ್ಬುತ್ತದೆ, ಹಿಡಿ ಬಿಗಿಯಾಗುತ್ತದೆ. ಮತ್ತೆ ಒಣಗಿದ ಮೇಲೆ? ಮೊದಲಿಗಿಂತ ಜಾಸ್ತಿ ಸಡಿಲ. ಯಾಕೆಂದರೆ ಉಬ್ಬಲು ಜಾಗ ಇಲ್ಲದೆ ಕಬ್ಬಿಣದ ಒಳಗೆ ಮರದ ಕೋಶಗಳು ನಜ್ಜುಗುಜ್ಜಾಗಿವೆ. ಒಣಗಿದಾಗ ಅವು ಹಳೆಯ ಅಳತೆಗೆ ಮರಳುವುದಿಲ್ಲ, ಅದಕ್ಕಿಂತ ಚಿಕ್ಕದಾಗುತ್ತವೆ.

ಸೌಂಡ್‌ಬೋರ್ಡ್‌ನಲ್ಲಿ ಆಗುವುದೂ ಇದೇ. ಎಳೆಗೆ ಅಡ್ಡಲಾಗಿ ಮರವನ್ನು ಸುಮಾರು 1% ಒತ್ತಿದರೆ ಅದು ಪೂರ್ತಿ ಮರಳಿ ಬರುವ ಎಲ್ಲೆ ಮುಗಿಯುತ್ತದೆ. 4.5% ತೇವದಲ್ಲಿ ರಿಬ್ ಅಂಟಿಸಿದ ಹಲಗೆ 65% ಹ್ಯುಮಿಡಿಟಿಯ ಕೋಣೆಯಲ್ಲಿ ಕೂತು 12%ಗೆ ಬಂತು ಅಂದುಕೊಳ್ಳಿ. ಏಳೂವರೆ ಶೇಕಡಾ ತೇವ ಏರಿತು. 0.148ರಿಂದ ಗುಣಿಸಿದರೆ 1.1%. ಎಲ್ಲೆ ದಾಟಿತು ಅಲ್ವಾ? ನಿಜದಲ್ಲಿ ರಿಬ್‌ಗಳು ಬಾಗಿ ಸ್ವಲ್ಪ ಜಾಗ ಕೊಡುತ್ತವೆ, ಹಾಗಾಗಿ ಅಷ್ಟೂ ಒತ್ತಡ ಹಲಗೆಯ ಮೇಲೆ ಬೀಳುವುದಿಲ್ಲ. ಆದರೂ ವರ್ಷ ವರ್ಷ ಇದೇ ನಡೆದರೆ ಮೆದು ಪದರಗಳು ನಜ್ಜಾಗುತ್ತವೆ. ಎಳೆಯ ಗುಂಟ ಕಿರಿದಾದ ಉಬ್ಬು ಗೆರೆಗಳು ಮೇಲೇಳುತ್ತವೆ. ಪಾಲಿಶ್ ಮೇಲೆ ಬೆರಳಾಡಿಸಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಆಮೇಲೆ ಒಂದು ಒಣ ಕಾಲ ಬರುತ್ತದೆ. ಹಲಗೆ ಕುಗ್ಗುತ್ತದೆ. ಇಷ್ಟು ದಿನ ಒತ್ತುತ್ತಿದ್ದ ಬಲ ಈಗ ಎಳೆತವಾಗುತ್ತದೆ. ನಜ್ಜಾದ ಜಾಗವೇ ಮೊದಲು ಸೀಳುತ್ತದೆ.

ಹೀಗಾಗಿ ಬಿರುಕಿನ ಪಕ್ಕದಲ್ಲಿ ಉಬ್ಬುಗೆರೆ ಕಂಡರೆ, ಈ ಪಿಯಾನೋ ಎಲ್ಲೋ ತುಂಬ ತೇವದ ಕೋಣೆಯಲ್ಲಿ ಕಾಲ ಕಳೆದಿದೆ ಅಂತ ತಿಳಿಯಿರಿ. ಸುಮ್ನೆ ಬಿರುಕು ಮುಚ್ಚಿ ಅದೇ ಕೋಣೆಗೆ ಕಳಿಸಿದರೆ, ನೀವು ಹಾಕಿದ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಸೀಳುತ್ತದೆ.

ಇನ್ನು ಅಳೆಯುವ ವಿಷಯ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಎರಡು ಮೊಳೆಯ ಮೀಟರ್. ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿದರೆ, ಅವುಗಳ ನಡುವೆ ವಿದ್ಯುತ್ತಿಗೆ ಎಷ್ಟು ತಡೆ ಇದೆ ಅಂತ ನೋಡಿ ತೇವ ಹೇಳುತ್ತದೆ. ಒಣ ಮರದಲ್ಲಿ ತಡೆ ಜಾಸ್ತಿ, ಹಸಿ ಮರದಲ್ಲಿ ಕಡಿಮೆ. ಬಹಳಷ್ಟು ಮೀಟರ್‌ಗಳನ್ನು ಡಗ್ಲಸ್ ಫರ್ ಮರಕ್ಕೆ ಹೊಂದಿಸಿರುತ್ತಾರೆ. ಆ ಮರದಲ್ಲಿ 12% ತೇವ ಇದ್ದಾಗ ತಡೆ ಸುಮಾರು 120 ಮೆಗಾಓಮ್. 7%ಗೆ ಇಳಿದರೆ ಸುಮಾರು 22,000 ಮೆಗಾಓಮ್! ಇಷ್ಟು ದೊಡ್ಡ ತಡೆಯನ್ನು ಕೈಯಲ್ಲಿ ಹಿಡಿಯುವ ಸಣ್ಣ ಮೀಟರ್ ನಿಖರವಾಗಿ ಅಳೆಯುವುದು ಕಷ್ಟ. ಆದ್ದರಿಂದ 6-7%ಗಿಂತ ಕೆಳಗೆ ಇಂಥ ಮೀಟರ್ ಹೇಳುವುದನ್ನು ನಂಬಬೇಡಿ. ನಮಗೆ ಬೇಕಾಗಿರುವುದೋ 5%ರಿಂದ 9%ವರೆಗಿನ ಅಂಕಿಗಳು. ಅಂದರೆ ಮೀಟರ್‌ನ ಕೈ ಸೋಲುವ ಜಾಗದಲ್ಲೇ ನಮ್ಮ ಕೆಲಸ ಇರುವುದು. ಕಟ್ಟಡದ ಮರ ಅಳೆಯುವವರಿಗೆ ಈ ತೊಂದರೆ ಇಲ್ಲ, ಅವರಿಗೆ 15%, 20% ಗೊತ್ತಾದರೆ ಸಾಕು. ಅವರಿಗಾಗಿ ಮಾಡಿದ ಸಾಮಾನನ್ನು ನಾವು ಬಳಸುವಾಗ ಹುಷಾರಾಗಿರಬೇಕು.

ಮೊಳೆ ಮೀಟರ್‌ನಲ್ಲಿ ಇನ್ನೂ ಎರಡು ಮೂರು ಸಂಗತಿ ಗಮನಿಸಬೇಕು. ಮರದ ಜಾತಿಗೆ ತಕ್ಕ ತಿದ್ದುಪಡಿ ಹಾಕಿಕೊಳ್ಳಿ. ಮರ ಬಿಸಿ ಇದ್ದರೆ ಮೀಟರ್ ಜಾಸ್ತಿ ತೇವ ತೋರಿಸುತ್ತದೆ, ತಣ್ಣಗಿದ್ದರೆ ಕಡಿಮೆ. ಅದಕ್ಕೂ ಪಟ್ಟಿ ಕೊಟ್ಟಿರುತ್ತಾರೆ. ಹೀಟರ್ ಇಟ್ಟು ಒಣಗಿಸುತ್ತಿರುವಾಗಲೇ ಮೀಟರ್ ಚುಚ್ಚಿ ಓದಿದರೆ ಆ ಅಂಕಿ ಸುಳ್ಳು. ಮರ ಕೋಣೆಯ ಬಿಸಿಗೆ ಬರುವವರೆಗೂ ಕಾಯಿರಿ. ಸೂಜಿಯ ಮೈಗೆ ಇನ್ಸುಲೇಷನ್ ಇಲ್ಲದಿದ್ದರೆ, ಅದು ಮುಟ್ಟಿರುವ ಪದರಗಳಲ್ಲಿ ಯಾವುದು ಅತಿ ಹಸಿಯೋ ಅದನ್ನೇ ಓದುತ್ತದೆ. ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಲಗೆಗೆ ಚುಚ್ಚಿದರೆ ಒದ್ದೆ ಬಟ್ಟೆಯ ಅಂಕಿ ಸಿಗುತ್ತದೆ. ಎರಡು ಹಲಗೆ ಕೂಡಿಸಿದ ಅಂಟಿನ ಗೆರೆಯನ್ನು ದಾಟಿ ಚುಚ್ಚಬೇಡಿ. ಕಾಣುವ ಮುಖಕ್ಕಂತೂ ಚುಚ್ಚಲೇಬೇಡಿ. ತೂತು ಉಳಿಯುತ್ತದೆ. ಗ್ರಾಂಡ್ ಆದರೆ ಕೆಳಗಿನಿಂದ, ಅಪ್‌ರೈಟ್ ಆದರೆ ಹಿಂದಿನಿಂದ, ಎರಡು ಮೂರು ಮಿಲಿಮೀಟರ್ ಆಳ ಸಾಕು.

ಇನ್ನೊಂದು ಬಗೆ, ಚುಚ್ಚದೆ ಮೇಲಿಟ್ಟು ಓದುವ ಮೀಟರ್. ಅದರ ಅಡಿಯ ತಟ್ಟೆ ಮರದೊಳಗೆ ವಿದ್ಯುತ್ ಕ್ಷೇತ್ರ ಹರಡಿ, ಅದು ಎಷ್ಟು ಬದಲಾಯಿತು ಅಂತ ನೋಡುತ್ತದೆ. ತೂತು ಬೀಳುವುದಿಲ್ಲ, ಪಾಲಿಶ್ ಇದ್ದರೂ ಓದುತ್ತದೆ. ಸೌಂಡ್‌ಬೋರ್ಡ್‌ಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಇದರ ಸ್ವಭಾವ ತಿಳಿದಿರಬೇಕು. ಇದು ಮರದ ಸಾಂದ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಸ್ಪ್ರೂಸ್‌ಗೆ ಸರಿಯಾದ ಸೆಟ್ಟಿಂಗ್ ಹಾಕಬೇಕು. ಕೆಲವು ಮೀಟರ್‌ಗಳು 19 ಮಿಲಿಮೀಟರ್ ಆಳದವರೆಗೂ ನೋಡುತ್ತವೆ. ನಮ್ಮ ಹಲಗೆಯ ದಪ್ಪ ಅದರ ಅರ್ಧ. ಉಳಿದ ಅರ್ಧದಲ್ಲಿ ಬರೀ ಗಾಳಿ. ಮೀಟರ್‌ಗೆ ಅದು ಗೊತ್ತಿಲ್ಲ. ಗಾಳಿಯನ್ನೂ ಮರ ಅಂತಲೇ ಲೆಕ್ಕ ಹಾಕಿ ಕಡಿಮೆ ತೇವ ತೋರಿಸುತ್ತದೆ.

ಗ್ರಾಂಡ್ ಪಿಯಾನೋದ ಕೆಳಗೆ ಮಲಗಿ ಇದನ್ನು ಕಣ್ಣಾರೆ ನೋಡಬಹುದು. ಎರಡು ರಿಬ್‌ಗಳ ನಡುವೆ ತಟ್ಟೆ ಇಡಿ, ಒಂದು ಅಂಕಿ ಬರುತ್ತದೆ. ಹಾಗೇ ಬ್ರಿಡ್ಜ್ ಮೇಲ್ಬದಿಯಲ್ಲಿ ಹಾದುಹೋಗುವ ಜಾಗಕ್ಕೆ ಸರಿಸಿ, ಅಂಕಿ ಥಟ್ಟನೆ ಏರುತ್ತದೆ. ಅಲ್ಲಿ ತೇವ ಜಾಸ್ತಿ ಇದೆ ಅಂತಲ್ಲ. ಹಲಗೆಯ ಆಚೆ ಈಗ ಗಾಳಿಯ ಬದಲು ಬ್ರಿಡ್ಜ್‌ನ ಗಟ್ಟಿ ಮೇಪಲ್ ಮರ ಇದೆ. ಕಬ್ಬಿಣದ ಫ್ರೇಮ್‌ನಿಂದ ಬರುವ ಬೋಲ್ಟ್ ಹಲಗೆಯನ್ನು ದಾಟುವ ಕಡೆಗೆ ಹೋದರೆ ಇನ್ನೂ ಏರುತ್ತದೆ. ಇದನ್ನು ತಿಳಿಯದವರು "ಇಲ್ಲಿ ಹಲಗೆ ಹಸಿಯಾಗಿದೆ" ಅಂತ ಬರೆದುಕೊಳ್ಳುತ್ತಾರೆ. ತಟ್ಟೆ ಇಟ್ಟ ಜಾಗದ ಹಿಂದೆ ಏನಿದೆ ಅಂತ ಪ್ರತಿ ಸಲ ನೋಡಿಕೊಳ್ಳಿ. ಮುಂದಿನ ಸಲ ಅಳೆಯುವಾಗಲೂ ಅದೇ ಜಾಗಕ್ಕೆ ಇಡಲು ಪೆನ್ಸಿಲ್‌ನಲ್ಲಿ ತೆಳುವಾಗಿ ಗುರುತು ಹಾಕಿ. ಬಾಸ್ (ತಗ್ಗು ಸ್ವರ) ಕಡೆ ಒಂದು, ನಡುವೆ ಎರಡು, ಟ್ರೆಬಲ್ (ಎತ್ತರದ ಸ್ವರ) ಕಡೆ ಒಂದು, ಬಿರುಕಿನ ಎರಡೂ ಪಕ್ಕ ಒಂದೊಂದು. ಹಳೆ ರಿಪೇರಿಯಲ್ಲಿ ಎಪಾಕ್ಸಿ ಅಂಟು ತುಂಬಿದ ಜಾಗ ಬಿಟ್ಟುಬಿಡಿ.

ಎರಡೂ ಮೀಟರ್‌ಗೆ ಇಷ್ಟೆಲ್ಲ ತಕರಾರು ಇದ್ದರೆ ನಂಬುವುದು ಯಾವುದನ್ನ? ನಾನು ನಂಬುವುದು ತಕ್ಕಡಿಯನ್ನು. ಪಿಯಾನೋದ ಹಲಗೆಯನ್ನೇ ಕತ್ತರಿಸಿ ಓವನ್‌ಗೆ ಹಾಕಲು ಆಗುವುದಿಲ್ಲ. ಅದಕ್ಕೆ ಅದರ ಬದಲಿಗೆ ನಿಲ್ಲುವ ಒಂದು ತುಂಡು ಮಾಡಿಕೊಳ್ಳಬೇಕು. ಅದನ್ನು ಸಾಕ್ಷಿ ತುಂಡು ಅಂತ ಕರೆಯುತ್ತೇನೆ.

ಅದೇ ಜಾತಿಯ ಸ್ಪ್ರೂಸ್, ಅದೇ ದಪ್ಪ, ಅದೇ ರೀತಿ ಕೊಯ್ದದ್ದು. ಒಂದೇ ಹಲಗೆಯಿಂದ ಪಕ್ಕಪಕ್ಕದ ಎರಡು ತುಂಡು ತೆಗೆಯಿರಿ. ತೆಗೆದ ಕೂಡಲೇ ಎರಡನ್ನೂ ತೂಗಿ. ಚಿಕ್ಕದನ್ನು ಓವನ್‌ನಲ್ಲಿ ಒಣಗಿಸಿ. 21.8 ಗ್ರಾಂ ಇದ್ದದ್ದು 20 ಗ್ರಾಂ ಆದರೆ ತೇವ 9%. ಪಕ್ಕದಲ್ಲೇ ಇದ್ದ ಇನ್ನೊಂದು ತುಂಡಿನಲ್ಲೂ ಅಷ್ಟೇ ಇರುತ್ತದೆ. ಅದು ಆಗ 32.7 ಗ್ರಾಂ ಇದ್ದರೆ ಅದರ ಒಣ ತೂಕ 30 ಗ್ರಾಂ. ಇದನ್ನು ಓವನ್‌ಗೆ ಹಾಕಬೇಡಿ. ಒಮ್ಮೆ ಅಷ್ಟು ಬಿಸಿ ತಿಂದ ಮರ ಮೊದಲಿನ ಹಾಗೆ ತೇವ ಹೀರುವುದಿಲ್ಲ. 30 ಅಂತ ಅದರ ಮೇಲೇ ಬರೆದು, ತುದಿಗಳಿಗೆ ಪಾಲಿಶ್ ಬಳಿದು, ಮತ್ತೊಮ್ಮೆ ತೂಗಿ, ಪಾಲಿಶ್‌ನಿಂದ ಏರಿದ ತೂಕವನ್ನೂ ಬರೆದಿಡಿ. ಲೆಕ್ಕ ಹಾಕುವಾಗ ಅಷ್ಟನ್ನು ಕಳೆಯಬೇಕು. ತುದಿ ಮುಚ್ಚುವುದು ಯಾಕೆಂದರೆ ಮರ ಎಳೆಯ ತುದಿಯಿಂದ ಬಲು ಬೇಗ ತೇವ ಕುಡಿಯುತ್ತದೆ. ಸೌಂಡ್‌ಬೋರ್ಡ್‌ನಲ್ಲಿ ಆ ತುದಿಗಳು ರಿಮ್ ಒಳಗೆ ಅಡಗಿರುತ್ತವೆ. ಈ ತುಂಡನ್ನು ಸೌಂಡ್‌ಬೋರ್ಡ್ ಪಕ್ಕದಲ್ಲೇ, ಎರಡೂ ಮುಖಕ್ಕೆ ಗಾಳಿ ಆಡುವಂತೆ ನೇತುಹಾಕಿ. ಪಾಲಿಶ್ ಕಳೆದು 31.8 ಗ್ರಾಂ ತೂಗಿದ ದಿನ ಅದರ ತೇವ 6%. ಅಂಗೈ ಅಗಲದ ತುಂಡಿಗೆ 1% ಅಂದರೆ 0.3 ಗ್ರಾಂ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದಕ್ಕೆ ಧಾರಾಳವಾಯಿತು. ಮೇಲಿಟ್ಟು ಓದುವ ಮೀಟರನ್ನು ಇದೇ ತುಂಡಿನ ಮೇಲಿಟ್ಟು ನೋಡಿ. ತುಂಡು 8%, ಮೀಟರ್ 6% ಅಂದರೆ, ಆ ದಪ್ಪದ ಮರಕ್ಕೆ ನಿಮ್ಮ ಮೀಟರ್ ಎರಡು ಕಡಿಮೆ ಹೇಳುತ್ತದೆ ಅಂತ ಗೊತ್ತಾಯಿತು. ಆಮೇಲೆ ಮೀಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಕೋಣೆಯ ಹ್ಯುಮಿಡಿಟಿ ನೋಡಿ ಮರದ ತೇವ ಊಹಿಸಬಹುದಲ್ಲ ಅಂದರೆ, ಊಹಿಸಬಹುದು, ಆದರೆ ಎರಡು ಎಚ್ಚರಿಕೆ. ಒಂದು, ಹ್ಯುಮಿಡಿಟಿ ಅಳೆಯುವ ಹೈಗ್ರೋಮೀಟರ್ ಸರಿ ಇದೆಯಾ ಅಂತ ಪರೀಕ್ಷಿಸಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ತುಸು ನೀರು ಬೆರೆಸಿ ಕೆಸರಿನ ಹಾಗೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಒಳಗಿನ ಹ್ಯುಮಿಡಿಟಿ 75% ಆಗಿರುತ್ತದೆ. ನಿಮ್ಮದು 68 ಅಂತ ತೋರಿಸಿದರೆ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಎರಡನೆಯದು, ಮರಕ್ಕೆ ನೆನಪಿರುತ್ತದೆ. ಒಂದೇ ಹ್ಯುಮಿಡಿಟಿಯಲ್ಲಿ, ಹಸಿಯಿಂದ ಒಣಗುತ್ತ ಬಂದ ಮರದಲ್ಲಿ ತೇವ ಜಾಸ್ತಿ ಉಳಿದಿರುತ್ತದೆ. ಒಣಗಿದ ಸ್ಥಿತಿಯಿಂದ ತೇವ ಹೀರುತ್ತ ಬಂದದ್ದರಲ್ಲಿ ಕಡಿಮೆ ಇರುತ್ತದೆ. ನಮಗೆ ಬೇಕಾದ ಮಟ್ಟದಲ್ಲಿ ಈ ವ್ಯತ್ಯಾಸ ಒಂದು, ಒಂದೂವರೆ ಶೇಕಡಾ ಇರಬಹುದು. ಅದಕ್ಕೇ ಪಿಯಾನೋ ಎಲ್ಲಿಂದ ಬಂತು, ಯಾವಾಗ ಬಂತು ಅಂತ ಮಾಲೀಕರನ್ನು ಕೇಳಬೇಕು.

ಕಾಯುವ ಸಮಯವೂ ಎಲ್ಲ ಭಾಗಕ್ಕೂ ಒಂದೇ ಅಲ್ಲ. ಮರ ಒಣಗಲು ಬೇಕಾದ ಹೊತ್ತು ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ (ದಪ್ಪವನ್ನು ಅದರಿಂದಲೇ ಗುಣಿಸಿದ ಅಂಕಿಗೆ) ತಕ್ಕಂತೆ ಏರುತ್ತದೆ. 8 ಮಿಲಿಮೀಟರ್ ಹಲಗೆಗಿಂತ 25 ಮಿಲಿಮೀಟರ್ ದಪ್ಪದ ಮರಕ್ಕೆ ಸುಮಾರು ಹತ್ತು ಪಟ್ಟು ಹೊತ್ತು ಬೇಕು. ಹಲಗೆ 6%ಗೆ ಬಂದಾಗಲೂ ರಿಬ್ ಮತ್ತು ಬ್ರಿಡ್ಜ್ ಒಳಗೆ ಇನ್ನೂ ಹಳೆಯ ತೇವ ಕೂತಿರುತ್ತದೆ.

ರಿಪೇರಿಗೆ ಬರೋಣ. ಬಿರುಕಿನ ಉದ್ದಕ್ಕೂ V ಆಕಾರದ ತೋಡು ಕೊರೆದು, ಅದಕ್ಕೆ ಹೊಂದುವ ಸ್ಪ್ರೂಸ್ ಪಟ್ಟಿಯನ್ನು ಅಂಟಿಸಿ ಕೂರಿಸುವುದು ರೂಢಿ. ಇದನ್ನು ಶಿಮ್ ಅನ್ನುತ್ತೇವೆ. ಮಾಡಬೇಕಾದದ್ದು ಬಿರುಕು ಬಾಯಿ ಬಿಟ್ಟಾಗ, ಅಂದರೆ ಹಲಗೆ ಒಣಗಿದಾಗ. ಎಷ್ಟು ಒಣಗಿಸಬೇಕು ಅನ್ನುವುದರಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯ ಇದೆ. ಸಾಧ್ಯವಾದಷ್ಟು ಒಣಗಿಸಿ ಎಲ್ಲ ಬಿರುಕನ್ನೂ ತುಂಬಿಬಿಡಿ ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. 4%ಗೆ ಒಣಗಿಸಿ ಸಂದುಗಳನ್ನೆಲ್ಲ ಮರದಿಂದ ತುಂಬಿದರೆ, ತೇವ ಏರಿದಾಗ ಹಿಗ್ಗಲು ಇದ್ದ ಜಾಗವೂ ಹೋಯಿತು. ಮೊದಲು ಹೇಳಿದ ನಜ್ಜುಗುಜ್ಜು ಮತ್ತೆ ಶುರುವಾಗುತ್ತದೆ. ಆ ಪಿಯಾನೋ ಮುಂದೆ ಇರುವ ಕೋಣೆಯಲ್ಲಿ ಅತಿ ಒಣ ದಿನಗಳಲ್ಲಿ ಹಲಗೆ ಎಲ್ಲಿಗೆ ಇಳಿಯುತ್ತದೋ, ಅಲ್ಲಿಗೆ ಒಣಗಿಸಿದರೆ ಸಾಕು. ಕೋಣೆಯ ಹ್ಯುಮಿಡಿಟಿ 30%ಗಿಂತ ಇಳಿಯದಿದ್ದರೆ ಗುರಿ 6% ಆಸುಪಾಸು.

ಒಣಗಿಸುವಾಗ ಆತುರ ಬೇಡ. ತಂತಿಗಳನ್ನು ತೆಗೆದ ಪಿಯಾನೋ ಸುತ್ತ ಬಟ್ಟೆ ಕಟ್ಟಿ, ಕೆಳಗೆ ಸಣ್ಣ ಬಿಸಿ ಕೊಟ್ಟು, ದಿನಗಟ್ಟಲೆ ಬಿಡಬೇಕು. ಸಾಕ್ಷಿ ತುಂಡೂ ಒಳಗೇ ಇರಲಿ. ಅದರ ತೂಕ ಇಳಿಯುವುದು ನಿಂತಾಗ ಹಲಗೆಯೂ ಆ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಹೀಟರನ್ನು ನೇರವಾಗಿ ಹಲಗೆಗೆ ಹಿಡಿದರೆ ಒಂದು ಮುಖ ಮಾತ್ರ ಒಣಗಿ ಹೊಸ ಸೀಳು ಬರುತ್ತದೆ.

ಶಿಮ್ ಪಟ್ಟಿಯ ತೇವವನ್ನು ಅಳೆಯಲು ಮರೆಯುವವರು ಬಹಳ. ಹಲಗೆ 6%, ಪಟ್ಟಿ ಕಪಾಟಿನಿಂದ ಆಗಷ್ಟೇ ತೆಗೆದ 10%. ಇವತ್ತು ಬಿಗಿಯಾಗಿ ಕೂರುತ್ತದೆ, ನಾಳೆ ಪಟ್ಟಿ ಒಣಗಿ ಅಂಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಗೆರೆ ಬಿಡುತ್ತದೆ. ಪಟ್ಟಿಗಳನ್ನೂ ಅದೇ ಬಟ್ಟೆಯೊಳಗೆ ಹಲಗೆಯ ಜೊತೆಗೇ ಒಣಗಿಸಿ. ಪಟ್ಟಿಯ ಉಂಗುರಗಳೂ ಹಲಗೆಯ ಹಾಗೆಯೇ ನೆಟ್ಟಗೆ ನಿಲ್ಲಬೇಕು. ಅಡ್ಡ ತಿರುಗಿದರೆ ಸಿಟ್ಕಾ ಸ್ಪ್ರೂಸ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಜಾಸ್ತಿ ಹಿಗ್ಗಿ ಕುಗ್ಗುತ್ತದೆ.

ಬಿಸಿ ಮಾಡಿ ಹಚ್ಚುವ ಚರ್ಮದ ಅಂಟಿನಲ್ಲಿ ನೀರಿದೆ. ಆ ನೀರು ತೋಡಿನ ಎರಡೂ ಪಕ್ಕದ ಮರಕ್ಕೆ ಇಳಿದು ಅಲ್ಲಿ ಮಾತ್ರ ಉಬ್ಬಿಸುತ್ತದೆ. ಅಂಟು ಗಟ್ಟಿಯಾಯಿತು ಅಂತ ಮರುದಿನವೇ ಪಟ್ಟಿಯನ್ನು ಹಲಗೆಯ ಸಮಕ್ಕೆ ಹತ್ತರಿ ಹೊಡೆದರೆ, ಉಬ್ಬಿದ ಮರವನ್ನು ಸವರಿ ಹಾಕಿದ ಹಾಗೆ. ಆಮೇಲೆ ನೀರು ಹೋಗಿ ಆ ಜಾಗ ತಗ್ಗುತ್ತದೆ. ಹೊಳೆಯುವ ಪಾಲಿಶ್ ಕೆಳಗೆ ಉದ್ದಕ್ಕೂ ಸಣ್ಣ ಹಳ್ಳ ಕಾಣುತ್ತದೆ. ಪಟ್ಟಿಯ ಪಕ್ಕದ ಓದಿಕೆ, ಒಂದು ಅಂಗೈ ದೂರದ ಓದಿಕೆ ಎರಡೂ ಸಮ ಆದ ಮೇಲೆ ಹತ್ತರಿ ಹಿಡಿಯಿರಿ.

ಕ್ರೌನ್ ಅಳೆಯುವವರಿಗೂ ಒಂದು ಮಾತು. ಹಿಂಬದಿಯಲ್ಲಿ ರಿಬ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಹಿಡಿದು, ನಡುವಿನ ಸಂದು ನೋಡುತ್ತೇವೆ. ಸಂದು ಇಲ್ಲದಿದ್ದರೆ "ಕ್ರೌನ್ ಸತ್ತಿದೆ, ಹಲಗೆ ಬದಲಿಸಿ" ಅಂತ ತೀರ್ಪು. ಒಣಗಿದ ಹಲಗೆಯಲ್ಲಿ ಕ್ರೌನ್ ತಗ್ಗುವುದು ಸಹಜ. ಅದೇ ಹಲಗೆ 8%ಗೆ ಬಂದಾಗ ಮತ್ತೆ ಏಳಬಹುದು. ತೇವದ ಅಂಕಿ ಪಕ್ಕದಲ್ಲಿ ಬರೆಯದ ಕ್ರೌನ್ ಅಳತೆಯನ್ನು ನಾನು ಒಪ್ಪುವುದಿಲ್ಲ. ಒಂದು ಸೌಂಡ್‌ಬೋರ್ಡ್ ಬದಲಿಸುವುದು ಸಣ್ಣ ಮಾತಲ್ಲ.

ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.

"ಬಿರುಕು ಇದ್ದರೆ ಮುಚ್ಚಲೇಬೇಕಾ?" ಇಲ್ಲ. ಬಿರುಕಿನ ಎರಡೂ ಪಕ್ಕ ರಿಬ್‌ಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಪಿಯಾನೋ ಚೆನ್ನಾಗಿಯೇ ಹಾಡುತ್ತದೆ. ತೊಂದರೆ ಕೊಡುವುದು ರಿಬ್ ಬಿಟ್ಟುಕೊಂಡ ಜಾಗ. ಅಲ್ಲಿ ಮರಕ್ಕೆ ಮರ ತಾಗಿ ಝೇಂಕರಿಸುತ್ತದೆ. ತೆಳು ಫೀಲರ್ ಗೇಜ್ (ಸಂದು ಅಳೆಯುವ ಲೋಹದ ಎಲೆ) ತೂರಿಸಿ ನೋಡಿ. ಅದು ರಿಬ್ ಮತ್ತು ಹಲಗೆಯ ನಡುವೆ ಹೋಗುತ್ತದೆ ಅಂದರೆ ಮೊದಲು ಅದನ್ನು ಅಂಟಿಸಿ. ಈ ಪರೀಕ್ಷೆಯನ್ನೂ ಹಲಗೆ ಒಣಗಿದಾಗ ಒಮ್ಮೆ, ತೇವದಲ್ಲಿ ಒಮ್ಮೆ ಮಾಡಿದರೆ ಒಳ್ಳೆಯದು.

"ತೇವಕ್ಕೂ ಶ್ರುತಿ ಕೆಡುವುದಕ್ಕೂ ಸಂಬಂಧ ಇದೆಯಾ?" ನೇರ ಸಂಬಂಧ. ತೇವ ಏರಿದರೆ ಹಲಗೆ ಉಬ್ಬಿ ಬ್ರಿಡ್ಜ್ ಮೇಲೇಳುತ್ತದೆ, ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಒಣಗಿದರೆ ಇಳಿಯುತ್ತದೆ. ಎಲ್ಲ ಸ್ವರಕ್ಕೂ ಒಂದೇ ಸಮ ಅಲ್ಲ, ನಡುವಿನ ಭಾಗದಲ್ಲಿ ಜಾಸ್ತಿ. ಟ್ಯೂನ್ ಮಾಡಲು ಹೋದಾಗಲೆಲ್ಲ ಶ್ರುತಿ ಎಷ್ಟು ಸರಿದಿದೆ ಅನ್ನುವುದರ ಜೊತೆಗೆ ಹ್ಯುಮಿಡಿಟಿಯನ್ನೂ ಬರೆದಿಟ್ಟರೆ, ಹಲಗೆಯನ್ನು ಮುಟ್ಟದೇ ಅದರ ಸ್ವಭಾವ ತಿಳಿಯುತ್ತದೆ.

"ಕೋಣೆಯಲ್ಲಿ ಎಷ್ಟು ಹ್ಯುಮಿಡಿಟಿ ಇರಬೇಕು?" 40%ರಿಂದ 50% ನಡುವೆ ಇದ್ದರೆ ಚೆನ್ನ. ಸರಿಯಾದ ಅಂಕಿಗಿಂತ ಒಂದೇ ಸಮ ಇರುವುದು ಹೆಚ್ಚು ಮುಖ್ಯ. ಪಿಯಾನೋದ ಒಳಗೇ ಕೂರಿಸುವ ನಿಯಂತ್ರಣ ಸಾಧನಗಳಿವೆ, ಒಣಗಿದಾಗ ತೇವ ಕೊಟ್ಟು, ತೇವ ಏರಿದಾಗ ಸಣ್ಣಗೆ ಬಿಸಿ ಮಾಡುತ್ತವೆ. ರಿಪೇರಿ ಮಾಡಿಸಿದ ಮಾಲೀಕರಿಗೆ ಹೈಗ್ರೋಮೀಟರ್ ಒಂದನ್ನಾದರೂ ಇಟ್ಟುಕೊಳ್ಳಿ ಅಂತ ಹೇಳಿ.

"ಸೌಂಡ್‌ಬೋರ್ಡ್‌ಗೆ ಗಟ್ಟಿ ವಾರ್ನಿಶ್ ಹೊಡೆದರೆ ತೇವ ಒಳಗೆ ಹೋಗುವುದೇ ಇಲ್ಲ ಅಲ್ವಾ?" ಹೋಗುತ್ತದೆ. ವಾರ್ನಿಶ್ ತಡ ಮಾಡುತ್ತದೆ, ತಡೆಯುವುದಿಲ್ಲ. ಒಂದು ಮಳೆಯ ದಿನದ ಏರಿಳಿತವನ್ನು ಅದು ತಗ್ಗಿಸುತ್ತದೆ. ತಿಂಗಳುಗಟ್ಟಲೆ ತೇವ ಇದ್ದರೆ ಹಲಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹೊಡೆಯುವುದಾದರೆ ಎರಡೂ ಮುಖಕ್ಕೆ ಹೊಡೆಯಿರಿ. ಮೇಲೆ ಮಾತ್ರ ಹೊಡೆದರೆ ಕೆಳಮುಖ ಬೇಗ ತೇವ ಕುಡಿದು, ಎರಡು ಮುಖಗಳ ನಡುವೆ ವ್ಯತ್ಯಾಸ ಬೆಳೆಯುತ್ತದೆ. ದಪ್ಪಗೆ ಬಳಿಯಲೂ ಬೇಡಿ. ಹಲಗೆಯ ತೂಕ ಏರಿದರೆ ಸದ್ದಿಗೇ ಪೆಟ್ಟು. ಮತ್ತೆ, ವಾರ್ನಿಶ್ ಹೊಡೆಯುವ ದಿನವೂ ಹಲಗೆಯ ತೇವ ಅಳೆದು ಬರೆದಿಡಿ.